ಪೆಟ್ಟಿಗೆಯೊಳಗಿನ ಅಂಕಪಟ್ಟಿ

ಗಂಡನ ಜೊತೆ ಅಮೆರಿಕಕ್ಕೆ ಹೊರಟ ಮಗಳ ಪೆಟ್ಟಿಗೆಯಲ್ಲಿ ತಾಯಿ ಚಟ್ನಿಪುಡಿ, ಹಪ್ಪಳದ ಪಕ್ಕದಲ್ಲೇ ಎಂಜಿನಿಯರಿಂಗ್ ಅಂಕಪಟ್ಟಿಯನ್ನೂ ಜೋಪಾನವಾಗಿ ಇಡುತ್ತಾಳೆ. ಚಟ್ನಿಪುಡಿ ತಿಂಗಳೊಳಗೆ ಖಾಲಿಯಾಗುತ್ತದೆ. ಅಂಕಪಟ್ಟಿ ಎಷ್ಟೋ ವರ್ಷ ಹಾಗೆಯೇ ಉಳಿಯುತ್ತದೆ.

ಗುತ್ತಿಗೆಯ ಮೇಲೆ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವ ಗಂಡನದು ಸಾಮಾನ್ಯವಾಗಿ ಎಚ್-1ಬಿ ವೀಸಾ. ಹೆಂಡತಿಯದು ಎಚ್-4. ಅದರಲ್ಲಿ ಅವಳು ಓದಬಹುದು, ದುಡಿಯುವಂತಿಲ್ಲ. ಅದೇ ವಿಮಾನದಲ್ಲಿ, ಕಂಪೆನಿಯೇ ವರ್ಗ ಮಾಡಿ ಎಲ್-1 ವೀಸಾದಲ್ಲಿ ಕಳಿಸಿದವನ ಹೆಂಡತಿಗೆ 2002ರಿಂದಲೂ ದುಡಿಯಲು ಅವಕಾಶವಿದೆ. ಓದು ಒಂದೇ, ಊರೂ ಒಂದೇ; ಬೇರೆಯಾದದ್ದು ಗಂಡನ ಕಾಗದ ಮಾತ್ರ.

2015ರ ಮೇ ತಿಂಗಳಲ್ಲಿ ಎಚ್-4ರ ಬಾಗಿಲೂ ಅರ್ಧ ತೆರೆಯಿತು. ಗಂಡನ ಗ್ರೀನ್ ಕಾರ್ಡಿಗಾಗಿ ಕಂಪೆನಿ ಸಲ್ಲಿಸಿದ ಅರ್ಜಿ ಮಂಜೂರಾಗಿದ್ದರೆ ಹೆಂಡತಿಯೂ ಕೆಲಸದ ಪರವಾನಗಿ ಕೇಳಬಹುದು. ಆದರೂ ಅವಳ ನೌಕರಿ ಗಾಳಿಪಟದ ಬಾಲಂಗೋಚಿಯೇ. ಗಂಡನ ಕೆಲಸ ಹೋದರೆ ಬೇರೆ ದಾರಿ ಹುಡುಕಲು ಹೆಚ್ಚೆಂದರೆ 60 ದಿನ. ಅವನ ವೀಸಾ ಹೋದರೆ, ಎಷ್ಟೇ ಚೆನ್ನಾಗಿ ದುಡಿಯುತ್ತಿದ್ದರೂ ಅವಳ ನೌಕರಿಗೂ ಸಂಚಕಾರ.

ಅಮೆರಿಕದ ವರನ ಸಂಬಳ ವಿಚಾರಿಸುವ ಹಿರಿಯರು ವೀಸಾ ಯಾವುದೆಂದೂ ಒಂದು ಮಾತು ಕೇಳುವುದು ಒಳ್ಳೆಯದು. ಜಾತಕ ಆಮೇಲೆ ನೋಡಿದರೂ ಆದೀತು.