ಒಂದು ಯೂರೋ ಮನೆಯೂ ನಮ್ಮ ಹಲಸಿನ ಕಂಬವೂ

ಇಟಲಿಯ ಸಿಸಿಲಿ ದ್ವೀಪದಲ್ಲಿ ಸಾಂಬೂಕಾ ಎಂಬ ಪುಟ್ಟ ಊರಿದೆ. ಜನರು ಊರು ಬಿಟ್ಟುಹೋಗಿ ಪಾಳುಬಿದ್ದ 16 ಹಳೆಯ ಮನೆಗಳನ್ನು ಅಲ್ಲಿನ ಪುರಸಭೆಯು 2019ರಲ್ಲಿ ಒಂದು ಯೂರೋವಿನಿಂದ ಹರಾಜಿಗಿಟ್ಟಿತು. ಚರ್ಚ್‌ಗೇಟ್ ಲೋಕಲಿನಲ್ಲಿ ಈ ಸಂಗತಿ ಹೇಳಿದಾಗ ದಹಿಸರಿನ ಮಿತ್ರರೊಬ್ಬರು, "ನಮ್ಮ ಒಂದು ತಿಂಗಳ ಬಾಡಿಗೆಗೆ ಅಲ್ಲಿ ಒಂದು ಬೀದಿಯೇ ಸಿಕ್ಕೀತಲ್ಲ ಮಾರಾಯ್ರೆ!" ಎಂದರು.

ಆದರೆ ಷರತ್ತು ನೋಡಿ. ಕೊಂಡವರು ಮೂರು ವರ್ಷದೊಳಗೆ ಮನೆ ದುರಸ್ತಿ ಮಾಡಬೇಕು. 5,000 ಯೂರೋ ಠೇವಣಿ ಇಡಬೇಕು. ಮಾತಿಗೆ ತಪ್ಪಿದರೆ ಠೇವಣಿಯ ಆಸೆ ಬಿಡಬೇಕು. ಮನೆ ಎದ್ದು ನಿಂತರೆ ಊರೂ ಉಳಿದೀತೆಂಬ ಲೆಕ್ಕ.

ನಮ್ಮ ಕರಾವಳಿಯ ಚೌಕಿ ಮನೆಗಳದ್ದೂ ಇದೇ ಕಥೆ. ಮಕ್ಕಳು ಮುಂಬಯಿ, ಗಲ್ಫ್ ಸೇರಿದ್ದಾರೆ. ಕೊಳ್ಳಲು ಬರುವವರಿಗೆ ಮಾತ್ರ ಮನೆ ಬೇಡ; ಕಂಬ, ಬಾಗಿಲು, ಮುಚ್ಚಿಗೆ ಬೇಕು. ಮಣಿಪಾಲದಲ್ಲಿ ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈಯವರು ಇಂಥ ಮನೆಗಳನ್ನು ಬಿಚ್ಚಿ ತಂದು, ಮರಳಿ ಜೋಡಿಸಿ, 'ಹಸ್ತಶಿಲ್ಪ'ದ ಊರನ್ನೇ ಕಟ್ಟಿದರು. ಮಿಯಾರಿನ ಮನೆ, ಕುಂಜೂರಿನ ಚೌಕಿ ಮನೆ ಅಲ್ಲಿ ಉಳಿದಿವೆ. 2017ರಲ್ಲಿ ಅವರು ತೀರಿಕೊಂಡರು. ಎಲ್ಲ ಮನೆಗೂ ಒಬ್ಬ ಶೆಣೈಯವರು ಸಿಗುವುದೆಲ್ಲಿಂದ?

ಕಾರ್ಕಳದ ಬಳಿಯ ನಮ್ಮ ಮನೆಗೂ ವ್ಯಾಪಾರಿಯೊಬ್ಬರು ಬಂದಿದ್ದಾರೆ. ನಾಲ್ಕು ಹಲಸಿನ ಕಂಬ, ಒಂದು ಮುಖ್ಯ ಬಾಗಿಲು ಸಾಕಂತೆ. ಮುರಕಲ್ಲಿನ ಗೋಡೆಗೆ ಬೆಲೆಯಿಲ್ಲ. ಪಾಲುದಾರರು ನಾವು ಐವರು. ವಾಸವಿರುವವರು ಅಣ್ಣ ತೀರಿಕೊಂಡ ಮೇಲೆ ಒಂಟಿಯಾದ ಅತ್ತಿಗೆಯೊಬ್ಬರೇ. ಪುರಾತನ ಮನೆಯನ್ನು ಕೆಡವಬಾರದೆಂದು ನಾನು ಫೋನಿನಲ್ಲಿ ವಾದಿಸಿದಾಗ ಅವರು ಹೇಳಿದರು: "ಸೋರುವ ಮನೆಯ ಚಂದ ಮುಂಬಯಿಯಿಂದ ಚೆನ್ನಾಗಿ ಕಾಣುತ್ತದೆ. ಮಳೆಗಾಲದಲ್ಲಿ ಬಂದು ಪಾತ್ರೆ ಇಡಿ."

ಮಾತು ಸರಿಯೇ. ಬಿ.ಎಸ್ಸಿ. ಓದಿದ್ದಕ್ಕೆ ನನಗೂ ಇಷ್ಟು ತಿಳಿಯುತ್ತದೆ: ಒಣಗಿದ್ದ ಮರ ನೂರು ವರ್ಷ ನಿಂತೀತು, ಒಂದು ಹಂಚು ಒಡೆದು ನೀರಿಳಿದರೆ ಒರಲೆ ಬರಲು ಒಂದು ಮಳೆಗಾಲ ಸಾಕು. ಹಿಂದೆ ಒಲೆಯ ಹೊಗೆ ಪಕ್ಕಾಸುಗಳನ್ನು ಹುಳುಗಳಿಂದ ಕಾಯುತ್ತಿತ್ತು. ಮನೆಯಲ್ಲಿ ಜನರಿದ್ದುದರಿಂದ ಒಡೆದ ಹಂಚು ಅಂದೇ ಬದಲಾಗುತ್ತಿತ್ತು. ಹಳೆಯ ಮನೆಗೆ ಬೇಕಾದುದು ಅಭಿಮಾನಿಗಳಿಗಿಂತ ಮುಂಚೆ ವಾಸಿಗಳು.

ಆದ್ದರಿಂದ ಉಳಿದ ನಾಲ್ವರ ಮುಂದೆ ನನ್ನ ಸಲಹೆ ಇಟ್ಟಿದ್ದೇನೆ. ಬಂದ ಹಣದಲ್ಲಿ ಮೊದಲು ಅತ್ತಿಗೆಗೆ ಅದೇ ಹಿತ್ತಲಲ್ಲಿ ಸೋರದ ಎರಡು ಕೋಣೆ. ಹಳೆಯ ಮನೆ ಇಡಿಯಾಗಿ, ಅಲ್ಲಿಯೇ ವಾಸಿಸಿ ದುರಸ್ತಿ ಮಾಡುವವರಿಗೆ. ಊರಿನ ಉಪಾಧ್ಯಾಯ ದಂಪತಿ ಕೇಳಿದ್ದಾರೆ. ವ್ಯಾಪಾರಿಗಿಂತ ಮೂರನೆಯ ಒಂದು ಪಾಲು ಕಡಿಮೆ ಕೊಡುತ್ತಾರೆ. ಗುಮಾಸ್ತನ ಸಂಬಳಕ್ಕೆ ಆ ಕಡಿತ ಸಣ್ಣದಲ್ಲ. ಮಗಳ ಕಾಲೇಜಿನ ಒಂದು ವರ್ಷದ ಫೀಸು ಅದು. ಆದರೂ ಸಹಿ ಹಾಕಿದ್ದೇನೆ. ಅತ್ತಿಗೆಯವರೂ ಹಾಕಿದ್ದಾರೆ. ಇನ್ನು ಮೂರು ಸಹಿ ಬಾಕಿ.

ಅಂದಹಾಗೆ, ದಹಿಸರಿನ ನಮ್ಮ ಕಟ್ಟಡವೂ ಪುನರ್ನಿರ್ಮಾಣಕ್ಕೆ ಹೊರಟಿದೆ. ಅದರ ಕಂಬಗಳನ್ನು ಈವರೆಗೆ ಯಾರೂ ಕೇಳಿಲ್ಲ.