ಆನೆ ಬಿಟ್ಟ ರಾಗಿ

ಗುಮ್ಮಳಾಪುರ ಎಂದರೆ ಪುಸ್ತಕ ಓದುವವರಿಗೆ ನರಭಕ್ಷಕ ಚಿರತೆಯ ನೆನಪು. ಕೆನೆತ್ ಆಂಡರ್ಸನ್ ಆ ಕಥೆಯನ್ನು 1954ರಲ್ಲಿ ಹೊರಬಂದ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಊರಿನವರಿಗೆ ಈಗ ಆನೆಯದೇ ಚಿಂತೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ತಳಿ ಕಾಡುಗಳಿಗೆ ಹಿಂಡುಗಳು ಬರುತ್ತವೆ. ಜನ ರಾತ್ರಿಯೆಲ್ಲಾ ಹೊಲದ ಅಟ್ಟಣೆಯಲ್ಲಿ ಕಾವಲು ಕೂರುತ್ತಾರೆ.

ಅಲ್ಲಿ ನಮಗೆ ಪರಿಚಯದ ಇಬ್ಬರು ಅಣ್ಣತಮ್ಮಂದಿರಿದ್ದಾರೆ. ಇಬ್ಬರೂ ಹ್ಯಾಮ್ ರೇಡಿಯೋ ಪರೀಕ್ಷೆ ಪಾಸಾಗಿ ಸರ್ಕಾರದ ಲೈಸೆನ್ಸ್ ಪಡೆದವರು. ಒಂದು ಸಂಜೆ ತಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆವು. ತಿರುವಿನಲ್ಲಿ ಏಳೆಂಟು ಆನೆಗಳು ರಸ್ತೆ ದಾಟಿ ಅವರ ಹೊಲದ ದಿಕ್ಕಿಗೇ ಹೊರಟವು. ಅಲ್ಲಿ ಅಪ್ಪ, ಅಣ್ಣ ಕಾವಲಿದ್ದರು. ಮೊಬೈಲಿಗೆ ಸಿಗ್ನಲ್ ಇಲ್ಲ. ಹುಡುಗ ವಾಕಿಟಾಕಿಯಲ್ಲಿ ಕರೆದ. ಬರೀ ಗರಗರ ಸದ್ದು.

“ಗಟ್ಟಿಯಾಗಿ ಕೂಗು ತಮ್ಮ” ಎಂದೆವು.

“ತಗಡಿನ ಡಬ್ಬದೊಳಗೆ ಕೂತು ಕೂಗಿದರೆ ಏನು ಬಂತು ಫಾದರ್?” ಎನ್ನುತ್ತಾ ಬ್ಯಾಗಿನಿಂದ ಒಂದು ಕಡ್ಡಿ ತೆಗೆದ.

ಗಾಡಿಯ ಕಬ್ಬಿಣದ ಮೈ ರೇಡಿಯೋ ಅಲೆಗಳನ್ನು ತಡೆಯುತ್ತದಂತೆ. ಸೆಟ್ಟಿನ ಗೇಣುದ್ದದ ರಬ್ಬರ್ ಆಂಟೆನಾ ಮೊದಲೇ ದುರ್ಬಲ. ಅವರು ಮಾತಾಡುವುದು 144ರಿಂದ 146 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ಅಲೆಯ ಉದ್ದ ಸುಮಾರು 2 ಮೀಟರ್. ಅದರ ಕಾಲು ಭಾಗ, ಅಂದರೆ ಅರ್ಧ ಮೀಟರಿನ ಕಡ್ಡಿಯನ್ನು ಅಯಸ್ಕಾಂತದ ಬುಡದಿಂದ ಛಾವಣಿಗೆ ಅಂಟಿಸಬೇಕು. ಆಗ ಒಳಗೆ ಅಡ್ಡಿಯಾಗಿದ್ದ ತಗಡೇ ಹೊರಗೆ ಆಂಟೆನಾದ ಇನ್ನರ್ಧವಾಗಿ ದುಡಿಯುತ್ತದೆ! ಬಟ್ಟೆ ಹೊದಿಕೆಯ ಜೀಪಾದರೆ ಅಯಸ್ಕಾಂತ ಹಿಡಿಯದು, ಬಾನೆಟ್ಟಿಗೆ ಅಂಟಿಸಬೇಕು.

ಹುಡುಗ ಸೆಟ್ ಆರಿಸಿ, ರಬ್ಬರ್ ಆಂಟೆನಾ ಬಿಚ್ಚಿದ. ಕಿಟಕಿಯಿಂದ ಕೈ ಚಾಚಿ ಕಡ್ಡಿಯನ್ನು ಛಾವಣಿಯ ಮೇಲಿಟ್ಟ. ನಮಗೋ ಅವಸರ. “ಬಟನ್ ಒತ್ತಪ್ಪಾ” ಎಂದರೆ, “ಆಂಟೆನಾ ಸಿಕ್ಕಿಸದೆ ಒತ್ತಿದರೆ ಸೆಟ್ಟೇ ಸುಟ್ಟು ಹೋಗಬಹುದು, ತಡೀರಿ” ಎಂದ. ದಪ್ಪ ಕೇಬಲ್ ನೇರ ಸಿಕ್ಕಿಸಿದರೆ ಅದರ ಭಾರಕ್ಕೆ ಸೆಟ್ಟಿನ ಪುಟ್ಟ ಕನೆಕ್ಟರ್ ಮುರಿಯುತ್ತದೆಂದು, ನಡುವೆ ಮೊಳದುದ್ದದ ತೆಳು ಕೇಬಲ್ ಸೇರಿಸಿ ತಿರುಪಿದ. ಆಮೇಲೆ ಮೆಲ್ಲನೆ ಕರೆದ.

“ಕೇಳ್ತಾ ಇದೆ, ಹೇಳು” ಎಂದಿತು ಅಣ್ಣನ ದನಿ.

“ಆನೆ ಬರ್ತಾ ಇದಾವೆ. ಇಳೀಬೇಡಿ. ಅಪ್ಪನ್ನ ಹಿಡ್ಕೋ.”

ತಮಟೆ ಬಡಿಯಲು ಅಪ್ಪ ಆಗಲೇ ಒಂದು ಕಾಲು ಕೆಳಗಿಟ್ಟಿದ್ದರಂತೆ. ಅಣ್ಣ ತೋಳು ಹಿಡಿದು ಮೇಲಕ್ಕೆಳೆದ. ಆ ರಾತ್ರಿ ಅರ್ಧ ರಾಗಿ ಹೋಯಿತು. ಜನ ಉಳಿದರು.

ಪ್ರಿಯ ಓದುಗರೇ, ಮಾತು ತಲುಪದಿದ್ದಾಗ ದನಿ ಏರಿಸುವುದು ನಮ್ಮ ಹಳೆಯ ಅಭ್ಯಾಸ. ಪೀಠದ ಮೇಲೂ ಅಷ್ಟೇ, ನಿಮ್ಮ ಮನೆಗಳಲ್ಲೂ ಅಷ್ಟೇ ಇರಬೇಕು. ನಾವು ಯಾವ ಡಬ್ಬದೊಳಗೆ ಕೂತು ಕೂಗುತ್ತಿದ್ದೇವೆಂದು ನೋಡಿಕೊಳ್ಳುವುದನ್ನು ಆ ಹುಡುಗನಿಂದ ಕಲಿತೆವು.

ಮುಂದಿನ ವಾರ ಅವರ ಮನೆಗೆ ಹೋದಾಗ ಅಪ್ಪ ತಾವೇ ಬಿಸಿ ಮುದ್ದೆ ಬಡಿಸಿದರು.

“ಉಣ್ಣಿ ಸ್ವಾಮಿ, ಆನೆ ಬಿಟ್ಟ ರಾಗಿ” ಎಂದರು.