ಹೇಳಿಕೊಳ್ಳಲಾಗದ ಬೇನೆ

ಮಲವಿಸರ್ಜನೆಯ ಮೇಲಿನ ಹಿಡಿತ ತಪ್ಪುವುದನ್ನು ಬೇನೆಯೆಂದು ಎಣಿಸುವವರು ಕಡಿಮೆ. ವಯಸ್ಸಾಯಿತು ಎಂಬ ಒಂದೇ ಮಾತಿನಲ್ಲಿ ಅದನ್ನು ಮುಚ್ಚಿಬಿಡುವುದು ರೂಢಿ. ಆದರೆ ಹೆರಿಗೆಯಲ್ಲಾದ ಗಾಯ, ಸಕ್ಕರೆ ಕಾಯಿಲೆ, ಬೆನ್ನುಹುರಿಗೆ ಬಿದ್ದ ಪೆಟ್ಟು ಇವುಗಳಿಂದಲೂ ಅದು ಬರುತ್ತದೆ.

ನಮ್ಮ ತಾಯಿಯವರು ಎರಡು ವರ್ಷ ಮದುವೆ, ಜಾತ್ರೆ, ಮಠದ ದಾಸೋಹ ಎಲ್ಲಕ್ಕೂ ಮೊಣಕಾಲು ನೋವಿನ ನೆಪ ಹೇಳಿ ಮನೆಯಲ್ಲೇ ಉಳಿದರು. ಯಾರೂ ಏಳುವ ಮೊದಲೇ ತಾವೇ ಒಗೆದು ಹಿತ್ತಲಲ್ಲಿ ಹರವುತ್ತಿದ್ದ ಸೀರೆಗಳು ಕೊನೆಗೆ ಸಂಗತಿಯನ್ನು ಹೇಳಿದವು. ವೈದ್ಯರು ಮೊದಲು ಆಹಾರದ ಕ್ರಮ, ಇಸಬಗೋಲು, ಗುದದ ಸುತ್ತಣ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಇವನ್ನು ಹೇಳಿಕೊಟ್ಟರು. ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ತಾಯಿಯವರಿಗೆ ಅರ್ಧ ಗುಣ ಕಂಡಿತು. ಆಗ ಬಂದದ್ದು ನರಕ್ಕೆ ವಿದ್ಯುತ್ ಪ್ರಚೋದನೆ ಕೊಡುವ ಚಿಕಿತ್ಸೆಯ ಮಾತು.

ವಿದ್ಯುತ್ತೆಂದೊಡನೆ ಮನೆಮಂದಿಯೆಲ್ಲ ಬೆಚ್ಚಿದೆವು. ವಿಚಾರಿಸಿದಾಗ ಅಂಥ ಭಯಕ್ಕೆ ಕಾರಣವಿಲ್ಲವೆಂದು ತಿಳಿಯಿತು. ಇದು ಹೃದಯದ ಪೇಸ್‌ಮೇಕರಿನ ಬಳಗದ್ದೇ. ಮೂತ್ರದ ತೊಂದರೆಗೆ ಮೊದಲೇ ಬಳಕೆಯಲ್ಲಿದ್ದ ಈ ಉಪಾಯವನ್ನು ಮಲದ ಹಿಡಿತಕ್ಕೂ ಪ್ರಯೋಗಿಸಿ ಜರ್ಮನಿಯ ಎರ್ಲಾಂಗೆನ್ ನಗರದ ಕ್ಲಾಸ್ ಮಾಟ್ಸೆಲ್ ಮತ್ತು ಸಂಗಡಿಗರು 1995ರಲ್ಲಿ ಮೂವರು ರೋಗಿಗಳ ವಿವರವನ್ನು ಪ್ರಕಟಿಸಿದರು. ಸೊಂಟದ ಕೆಳಗಿನ ತ್ರಿಕಾಸ್ಥಿಯ ರಂಧ್ರದ ಮೂಲಕ ನರದ ಬಳಿಗೆ ಸಣ್ಣ ತಂತಿಯೊಂದನ್ನು ಇಳಿಸಿ ಮಂದವಾದ ವಿದ್ಯುತ್ತನ್ನು ಹರಿಸುತ್ತಾರೆ. ಸ್ನಾಯುವನ್ನು ಬಿಗಿಯುವುದಷ್ಟೇ ಇದರ ಕೆಲಸವಲ್ಲ; ಕರುಳಿಗೂ ಮೆದುಳಿಗೂ ನಡುವಣ ಸಂದೇಶಗಳನ್ನೂ ಇದು ತಿದ್ದುತ್ತದೆಂದು ಬಲ್ಲವರ ಅಭಿಪ್ರಾಯ.

ನಮಗೆ ಬಹಳ ಹಿಡಿಸಿದ್ದು ಇದರ ಪರೀಕ್ಷಾವಧಿ. ಯಂತ್ರವನ್ನು ಒಮ್ಮೆಗೇ ದೇಹದೊಳಗೆ ಇಡುವುದಿಲ್ಲ. ಒಂದೆರಡು ವಾರ ಅದು ಹೊರಗೇ ಇರುತ್ತದೆ. ರೋಗಿ ದಿನದಿನದ ಲೆಕ್ಕ ಬರೆಯಬೇಕು. ಹಿಡಿತ ತಪ್ಪುವುದು ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿದರೆ ಮಾತ್ರ ಪೃಷ್ಠದ ಚರ್ಮದಡಿ ಯಂತ್ರವನ್ನು ಹುದುಗಿಸುತ್ತಾರೆ. ಇಲ್ಲವಾದರೆ ತಂತಿಯನ್ನು ತೆಗೆದುಬಿಡುತ್ತಾರೆ. ಕೊಳ್ಳುವ ಮೊದಲು ತೂಗಿ ನೋಡಲು ಬಿಡುವ ಚಿಕಿತ್ಸೆಗಳು ಎಷ್ಟಿವೆ?

ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಯಂತ್ರ ಪಡೆದ 120 ಜನರ ವರದಿಯೊಂದು 2010ರಲ್ಲಿ ಬಂದಿತು. ವರ್ಷದ ನಂತರ ನೂರಕ್ಕೆ 83 ಮಂದಿಗೆ ತೊಂದರೆ ಅರ್ಧಕ್ಕಾದರೂ ಇಳಿದಿತ್ತು. ನೂರಕ್ಕೆ ಸುಮಾರು 40 ಮಂದಿಗೆ ಪೂರ್ತಿ ನಿಂತಿತ್ತು. ಅಮೆರಿಕದ ಸರ್ಕಾರ ಈ ಬೇನೆಗೆ ಇದನ್ನು 2011ರಲ್ಲಿ ಅಂಗೀಕರಿಸಿತು. ನೋವು, ಸೋಂಕು, ತಂತಿ ಜರುಗುವುದು, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದು ಇವೂ ಉಂಟು. ಖರ್ಚಂತೂ ಸಾಮಾನ್ಯರ ಎದೆ ನಡುಗಿಸುವಷ್ಟು.

ಬಂಧುಗಳೊಬ್ಬರು, ಅಷ್ಟೆಲ್ಲ ಏಕೆ, ಕಣಕಾಲಿನ ಬಳಿ ಸೂಜಿಯಿಟ್ಟು ವಿದ್ಯುತ್ ಹರಿಸಿದರೆ ಸಾಲದೇ ಎಂದರು. ಬ್ರಿಟನ್ನಿನಲ್ಲಿ 227 ಜನರ ಮೇಲೆ ಅದನ್ನು ಪರೀಕ್ಷಿಸಿ 2015ರಲ್ಲಿ ಫಲವನ್ನು ಪ್ರಕಟಿಸಿದ್ದಾರೆ: ನಿಜವಾದ ಚಿಕಿತ್ಸೆಯಲ್ಲಿ ನೂರಕ್ಕೆ 38, ಹುಸಿ ಚಿಕಿತ್ಸೆಯಲ್ಲಿ 31 ಮಂದಿಗೆ ತೊಂದರೆ ಅರ್ಧಕ್ಕೆ ಇಳಿಯಿತು. ಹೇಳಿಕೊಳ್ಳುವಂಥ ಅಂತರವಲ್ಲ. ನರಪ್ರಚೋದನೆಯೆಂಬ ಹೆಸರು ಒಂದೇ ಆದರೂ ಎರಡೂ ಬೇರೆ ಬೇರೆ.

ತಾಯಿಯವರು ವೈದ್ಯರನ್ನು ಕೇಳಿದ್ದು ಒಂದೇ ಮಾತು: "ಸರಿಬರದಿದ್ದರೆ ತೆಗೆಸಬಹುದಲ್ಲವೇ?" ತೆಗೆಯಬಹುದೆಂದು ಅವರೆಂದರು. ಪರೀಕ್ಷೆಗೆ ಮುಂಚಿನ ಲೆಕ್ಕವನ್ನು ಈಗ ಅವರೇ ಗೋಡೆಯ ಕ್ಯಾಲೆಂಡರಿನಲ್ಲಿ, ಎಲ್ಲರಿಗೂ ಕಾಣುವಂತೆ, ಬರೆದಿಡುತ್ತಿದ್ದಾರೆ.